ಮಳೆ ಬರದೆಯೇ ತೊಯ್ದು ತೊಪ್ಪೆಯಾದೆವು: ಹಗುರ ಟೆಂಟ್ ಕೊಳ್ಳುವ ಮುಂಚೆ ಓದಿ

ನವೆಂಬರ್ ಕೊನೆ. ನಾನು, ನಮ್ಮ ಭಾವ ಇಬ್ಬರೇ ಮೂಡಿಗೆರೆ ಕಡೆ ಎರಡು ದಿನ ನಡೆಯಲು ಹೋಗಿದ್ದೆವು. ಕುದುರೆಮುಖದ ಕಾಡಿನೊಳಗೆ ರಾತ್ರಿ ಟೆಂಟ್ ಹಾಕಲು ಬಿಡುವುದಿಲ್ಲ. ಹಾಗಾಗಿ ಪರಿಚಯದವರ ಕಾಫಿ ತೋಟದ ಅಂಚಿನಲ್ಲಿ, ಕೇಳಿಕೊಂಡೇ ಮಲಗಿದೆವು. ಆ ರಾತ್ರಿ ಒಂದು ಹನಿ ಮಳೆ ಬೀಳಲಿಲ್ಲ. ಆದರೂ ಮೂರು ಗಂಟೆಗೆ ಎದ್ದಾಗ ಕಾಲುಚೀಲ ಹಿಂಡಿದರೆ ನೀರು ಬರುತ್ತಿತ್ತು.

ತಪ್ಪು ನನ್ನದೇ. ಭಾರ ಇಳಿಸುವ ಹುಚ್ಚು ಹತ್ತಿತ್ತು. ಅಡುಗೆಮನೆ ತಕ್ಕಡಿಯಲ್ಲಿ ಹಲ್ಲುಜ್ಜುವ ಬ್ರಷ್ ತೂಗುವಷ್ಟು. ಆನ್‌ಲೈನಿನಲ್ಲಿ 900 ಗ್ರಾಂನ ಒಂದೇ ಪದರದ ಟೆಂಟ್ ಸಿಕ್ಕಿತು. 'ಪೂರ್ತಿ ವಾಟರ್‌ಪ್ರೂಫ್' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಸುಳ್ಳಲ್ಲ. ಹೊರಗಿನ ನೀರು ಒಳಗೆ ಬರುವುದಿಲ್ಲ. ಒಳಗಿನದು ಹೊರಗೂ ಹೋಗುವುದಿಲ್ಲ, ಅದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಜಾಗವನ್ನೂ ನಾನೇ ಆರಿಸಿದ್ದು. ಹಳ್ಳದ ಪಕ್ಕ, ಸಮತಟ್ಟು, ಮೆತ್ತನೆ ಹುಲ್ಲು, ಮೇಲೆ ತೆರೆದ ಆಕಾಶ. ಫೋಟೋಗೆ ಬಹಳ ಚೆನ್ನಾಗಿತ್ತು. ರಾತ್ರಿಯ ತಣ್ಣನೆ ಗಾಳಿ ಗುಡ್ಡದಿಂದ ಜಾರಿ ಬಂದು ಕೂರುವುದು ಇಂಥ ತಗ್ಗಿನಲ್ಲೇ. ಚಳಿ, ಸಾಲದ್ದಕ್ಕೆ ಜಿಗಣೆ ಭಯ. ಟೆಂಟಿನ ಎಲ್ಲ ಜಿಪ್ ಎಳೆದೆವು. ಮೇಲಿದ್ದ ಗಾಳಿಕಿಂಡಿಯನ್ನೂ ಮುಚ್ಚಿದೆವು.

ಹನ್ನೆರಡರ ಹೊತ್ತಿಗೆ ಹಣೆ ಮೇಲೆ ಒಂದು ಹನಿ. ಟಾರ್ಚ್ ಹಾಕಿ ನೋಡಿದೆ. ಬಟ್ಟೆಯ ಒಳಮೈ ತುಂಬ ಸಾಸಿವೆ ಕಾಳಿನಂಥ ಹನಿಗಳು. ಒಂದಕ್ಕೆ ಬೆರಳು ಮುಟ್ಟಿಸಿದರೆ ಅದು ಪಕ್ಕದ್ದನ್ನು ಸೇರಿಸಿಕೊಂಡು ಹೊಲಿಗೆಯ ಗುಂಟ ಸರ್ರನೆ ಇಳಿದು ಭಾವನ ದಿಂಬಿಗೆ ಬಿತ್ತು. ಸೋರುತ್ತಿದೆ ಅಂದುಕೊಂಡು ಹೊಲಿಗೆಗೆಲ್ಲ ಟೇಪ್ ಅಂಟಿಸಿದೆ, ಅರ್ಧ ಗಂಟೆ! ನಿಜ ಏನೆಂದರೆ, ಮಲಗಿದ ಒಬ್ಬ ಮನುಷ್ಯನ ಉಸಿರು ಮತ್ತು ಮೈಯಿಂದ ರಾತ್ರಿ ಕಳೆಯುವುದರೊಳಗೆ ಸುಮಾರು ಒಂದು ಲೋಟ ನೀರು ಆವಿಯಾಗಿ ಹೊರಬರುತ್ತದೆ. ಇಬ್ಬರದು ಎರಡು ಲೋಟ. ಜೊತೆಗೆ ಒಣಗಲಿ ಅಂತ ಒಳಗೇ ಹಾಕಿದ್ದ ಒದ್ದೆ ಶರ್ಟುಗಳು. ತಣ್ಣಗಾದ ಬಟ್ಟೆಗೆ ತಾಗಿ ಅದೆಲ್ಲ ಮತ್ತೆ ನೀರಾಗಿತ್ತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ದಡ್ಡತನ. ಸ್ಲೀಪಿಂಗ್ ಬ್ಯಾಗ್ ನೆನೆಯಬಾರದೆಂದು ಅದರ ಮೇಲೆ ಪ್ಲಾಸ್ಟಿಕ್ ರೈನ್‌ಕೋಟ್ ಸುತ್ತಿಕೊಂಡೆ. ಮೈಯ ಬೆವರು ಈಗ ನೇರ ಬ್ಯಾಗಿನೊಳಗೇ ನಿಂತಿತು. ಅದು ಬಾತುಕೋಳಿಯ ನವಿರು ಪುಕ್ಕ ತುಂಬಿದ ಬ್ಯಾಗ್. ಹಗುರ, ಬೆಚ್ಚಗೆ, ಎಲ್ಲ ಸರಿ, ಒಣಗಿರುವವರೆಗೆ. ನೆನೆದರೆ ಪುಕ್ಕ ಉಂಡೆಕಟ್ಟಿ ಮೂಲೆಗೆ ಸೇರುತ್ತದೆ, ಮೈಮೇಲೆ ಉಳಿಯುವುದು ಬರೀ ಎರಡು ಪದರ ಒದ್ದೆ ಬಟ್ಟೆ. ಭಾವನಿಗೆ ಹಲ್ಲು ಕಟಕಟ ಶುರುವಾಯಿತು. ಸ್ವಲ್ಪ ಹೊತ್ತಿಗೆ ನಡುಕ ಕಡಿಮೆಯಾಯಿತು, ಆದರೆ ಮಾತು ತೊದಲುತ್ತಿತ್ತು. ನನಗೆ ಜೀವ ಬಾಯಿಗೆ ಬಂತು. ಇದು ವಾಸಿಯಾಗುವ ಲಕ್ಷಣ ಅಲ್ಲ, ಮೈ ತೀರಾ ತಣ್ಣಗಾಗುತ್ತಿರುವ ಲಕ್ಷಣ. "ಭಾವ, ಏಳಿ, ಹೋಗೋಣ" ಅಂತ ಎಬ್ಬಿಸಿ, ಕೈ ಹಿಡಿದು ತೋಟದ ಆಳುಗಳ ಲೈನ್ ಮನೆಗಳ ಕಡೆ ನಡೆಸಿದೆ.

ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರು ಬಾಗಿಲು ತೆಗೆದು ಆಕಾಶ ನೋಡಿದರು. "ಮಳೆ ಎಲ್ರೀ ಬಂತು?" ಭಾವನ ಒದ್ದೆ ಬಟ್ಟೆ ಬಿಚ್ಚಿಸಿ, ಕಂಬಳಿ ಹೊದಿಸಿ, ಬಿಸಿ ಬೆಲ್ಲದ ಕಾಫಿ ಕುಡಿಸಿದರು. ಬೆಳಿಗ್ಗೆ ನನ್ನನ್ನು ಕಣಕ್ಕೆ ಕರೆದುಕೊಂಡು ಹೋಗಿ, ಒಟ್ಟಿದ್ದ ಕಾಫಿಯ ಮೇಲಿನ ಟಾರ್ಪಾಲ್ ಮಗುಚಿ ತೋರಿಸಿದರು. ಒಳಮೈ ತುಂಬ ಅದೇ ಸಾಸಿವೆ ಹನಿಗಳು. "ಮುಚ್ಚಿಟ್ಟರೆ ಕಾಫಿನೂ ಬೆವರುತ್ತೆ. ನೀವು ಬೆವರಲ್ವಾ?"

ಇನ್ನೊಂದು ವಿಷಯ ಆಗ ಗಮನಿಸಿದೆ. ನನ್ನ ಬೆನ್ನುಚೀಲ ಟೆಂಟಿನಿಂದ ಇಪ್ಪತ್ತು ಹೆಜ್ಜೆ ಮೇಲೆ, ಹಲಸಿನ ಮರದ ಕೆಳಗೆ ಮರೆತುಹೋಗಿತ್ತು. ಅದು ಒಣಗಿಯೇ ಇತ್ತು! ಮರದ ಚಪ್ಪರ ಇದ್ದಲ್ಲಿ ಇಬ್ಬನಿ ಅಷ್ಟಾಗಿ ಕೂರುವುದಿಲ್ಲ. ಒಣಕೊಂಬೆ ಇಲ್ಲದ ಮರ ನೋಡಿಕೊಳ್ಳಿ, ಅಷ್ಟೇ.

ಈಗ ನಾನು ಒಯ್ಯುವುದು ಒಳಗೆ ಜಾಲರಿ, ಹೊರಗೆ ಹೊದಿಕೆ ಇರುವ ಎರಡು ಪದರದ ಟೆಂಟ್. ಅರ್ಧ ಕೆಜಿ ಜಾಸ್ತಿ, ಇರಲಿ. ಎಷ್ಟೇ ಚಳಿ ಇದ್ದರೂ ಎರಡೂ ಕಡೆ ಗಾಳಿಕಿಂಡಿ ತೆರೆದಿಡುತ್ತೇನೆ. ಮುಖ ಬ್ಯಾಗಿನೊಳಗೆ ಹುದುಗಿಸಿ ಉಸಿರಾಡುವುದಿಲ್ಲ, ಟೋಪಿ ಹಾಕಿಕೊಳ್ಳುತ್ತೇನೆ. ನಮ್ಮ ಮಲೆನಾಡಿಗೆ ಪುಕ್ಕದ ಬ್ಯಾಗಿಗಿಂತ ಸಿಂಥೆಟಿಕ್ ವಾಸಿ, ನೆನೆದರೂ ಸ್ವಲ್ಪ ಬಿಸಿ ಹಿಡಿಯುತ್ತದೆ. ಮಲಗುವಾಗ ಹಾಕುವ ಒಂದು ಜೊತೆ ಬಟ್ಟೆ, ಕಾಲುಚೀಲ ಕಸದ ಕವರಿನಲ್ಲಿ ಬಿಗಿಯಾಗಿ ಕಟ್ಟಿರುತ್ತದೆ, ನಡೆಯುವಾಗ ಅದನ್ನು ಮುಟ್ಟುವುದೇ ಇಲ್ಲ. ಕೆಳಗೆ ಹಾಸುವ ಶೀಟ್ ಟೆಂಟಿಗಿಂತ ಎರಡು ಇಂಚು ಚಿಕ್ಕದಿರಲಿ. ಹೊರಗೆ ಚಾಚಿದರೆ ಇಳಿದ ನೀರೆಲ್ಲ ಅದರ ಮೇಲೆ ಹರಿದು ನಿಮ್ಮ ಬೆನ್ನಡಿಗೆ ಬರುತ್ತದೆ.

ಆ 900 ಗ್ರಾಂ ಟೆಂಟನ್ನು ಸ್ಕೂಟರ್ ಮುಚ್ಚೋಕೆ ಅಂತ ಭಾವ ಕೇಳಿ ತೆಗೆದುಕೊಂಡು ಹೋದರು. ಬೆಳಿಗ್ಗೆ ಸೀಟೆಲ್ಲ ಒದ್ದೆ ಇರುತ್ತಂತೆ.