ಟೈಲ್ಸ್ ಮೇಲೆ ಪೇಂಟ್ ಹೊಡೆಸೋಕೆ ಹೊರಟಿದ್ದೀರಾ? ಮೊದಲು ಇದನ್ನು ಓದಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಮನೆಯಲ್ಲಿ ಎಲ್ಲರೂ ಬೇಡ ಅಂದಿದ್ದರು. ನಾನೇ ಹಟ ಹಿಡಿದು ಮಾಡಿಸಿದ್ದು. ಈಗ ಬಾತ್‌ರೂಮಿಗೆ ಹೋಗಿ ಬಂದವರೆಲ್ಲ ಒಮ್ಮೆ ನನ್ನ ಮುಖ ನೋಡುತ್ತಾರೆ, ಏನೂ ಹೇಳುವುದಿಲ್ಲ. ಅದೇ ಜಾಸ್ತಿ ಉರಿಯುತ್ತದೆ.

ಮೈಸೂರಿನಲ್ಲಿ ನಮ್ಮದು 20 ವರ್ಷದ ಹಳೇ ಮನೆ. ಸ್ನಾನದ ಜಾಗದಲ್ಲಿ ತಿಳಿ ನೀಲಿ ಟೈಲ್ಸ್, ನಡುವೆ ಗುಲಾಬಿ ಹೂವಿನ ಪಟ್ಟಿ. ಬೋರ್‌ವೆಲ್ ನೀರಿನ ಬಿಳಿ ಕಲೆ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಕಿತ್ತು ಹೊಸದು ಹಾಕಿಸಲು ಕೇಳಿದರೆ ಒಡೆಯುವ ಕೂಲಿ, ಕಸ ಸಾಗಿಸುವುದು, ವಾಟರ್‌ಪ್ರೂಫಿಂಗ್, ಹೊಸ ಟೈಲ್ಸ್ ಎಲ್ಲ ಸೇರಿ 70,000 ಅಂದರು. ಅಷ್ಟರಲ್ಲಿ ಒಬ್ಬ ಪೇಂಟಿಂಗ್ ಕಂಟ್ರಾಕ್ಟರ್ ಸಿಕ್ಕಿದ. "ಮೇಡಂ, ಒಡೆಯೋದೇ ಬೇಡ, ಎಪಾಕ್ಸಿ ಪೇಂಟ್ ಹೊಡ್ದುಬಿಡ್ತೀನಿ, ಹತ್ತು ವರ್ಷ ತಿರುಗಿ ನೋಡ್ಬೇಡಿ" ಅಂದ. 15,500ಕ್ಕೆ ಮಾತಾಯಿತು, 9,000 ಅಡ್ವಾನ್ಸ್ ಕೊಟ್ಟೆ. ಬಿಲ್ ಕೇಳಲಿಲ್ಲ. ಹೌದು, ಕೇಳಲಿಲ್ಲ, ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಾಗಿದೆ.

ಬೆಳಿಗ್ಗೆ 11ಕ್ಕೆ ಬಂದ, ಜೊತೆಗೊಬ್ಬ ಹುಡುಗ. ಆಸಿಡ್ ಹಾಕಿ ತೊಳೆದರು, ಬಟ್ಟೆಯಲ್ಲಿ ಒರೆಸಿದರು, ರೋಲರ್ ಹಿಡಿದು ಶುರು ಮಾಡಿದರು. ಸಂಜೆ 5ಕ್ಕೆ ಮುಗಿಯಿತು. "ನಾಳೆ ಬೆಳಿಗ್ಗೆನೇ ಸ್ನಾನ ಮಾಡ್ಬಹುದು ಮೇಡಂ." ಹಾಲಿನಂತೆ ಬೆಳ್ಳಗಿತ್ತು. ನಾನು ಫೋಟೋ ತೆಗೆದು ನಮ್ಮ ಫ್ಯಾಮಿಲಿ ಗ್ರೂಪಿಗೆ ಬೇರೆ ಹಾಕಿದೆ. ಅಕ್ಕ "ಎಷ್ಟಾಯ್ತೇ?" ಅಂತ ಕೇಳಿ ನಂಬರೂ ಇಸ್ಕೊಂಡಳು. ಉಳಿದ ದುಡ್ಡನ್ನೂ ಅವತ್ತೇ ಕೊಟ್ಟುಬಿಟ್ಟೆ.

19ನೇ ದಿನ. ಬಿಸಿನೀರು-ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಕೆಳಗೆ ಸಣ್ಣ ಗುಳ್ಳೆ. ಉಗುರು ತಾಗಿಸಿದೆ ಅಷ್ಟೇ. ಕಾದ ಹಾಲಿನ ಕೆನೆ ಏಳುತ್ತಲ್ಲ, ಹಾಗೆ ಎದ್ದು ಬಂತು, ಅಂಗೈ ಅಗಲದ ತುಂಡು. ಅದರ ಕೆಳಗೆ ನಮ್ಮ ಹಳೇ ಟೈಲ್ ಪಳಪಳ ಹೊಳೆಯುತ್ತಿತ್ತು! ಅದೇ ಗುಲಾಬಿ ಹೂವು, ಒಂದು ಗೀರಿಲ್ಲದೆ. ಆಗ ಹೊಳೆಯಿತು, ಇವನು ಉಪ್ಪಿನ ಕಾಗದವನ್ನೇ ಮುಟ್ಟಿಸಿಲ್ಲ. ಟೈಲ್ಸಿನ ಮೇಲ್ಮೈ ಗಾಜಿನ ಥರ, ಏನನ್ನೂ ಹೀರುವುದಿಲ್ಲ. 220 ನಂಬರಿನ ಪೇಪರಿನಿಂದ ಆ ಹೊಳಪು ಸಾಯುವವರೆಗೆ ಉಜ್ಜದಿದ್ದರೆ ಬಣ್ಣಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಮೂಲೆಯ ಸಂದು ಮುಚ್ಚಿದ್ದ ಹಳೇ ಸಿಲಿಕೋನ್ ಕೂಡ ಹಾಗೇ ಇತ್ತು, ಅದರ ಮೇಲೇ ಬಣ್ಣ ಎಳೆದಿದ್ದ.

ಸಿಟ್ಟಲ್ಲಿ ಹಿತ್ತಲಿಗೆ ಹೋಗಿ ಅವರು ಬಿಟ್ಟುಹೋದ ಡಬ್ಬ ಹುಡುಕಿದೆ. ಅದು ಎಪಾಕ್ಸಿನೇ ಅಲ್ಲ ಕಣ್ರೀ. ಕಿಟಕಿ ಗ್ರಿಲ್ಲಿಗೆ ಹೊಡೆಯುವ ಮಾಮೂಲಿ ಎನಾಮಲ್, ಪಕ್ಕದಲ್ಲಿ ಥಿನ್ನರ್ ಬಾಟಲಿ. ಎಪಾಕ್ಸಿ ಅಂದರೆ ಎರಡು ಡಬ್ಬ ಬರುತ್ತದೆ, ಬಣ್ಣ ಒಂದು, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಒಂದು, ಎರಡನ್ನೂ ಬೆರೆಸಿ ಗಟ್ಟಿಯಾಗುವ ಮೊದಲು ಹೊಡೆಯಬೇಕು, ಆಮೇಲೆ ಡಬ್ಬದ ಮೇಲೆ ಬರೆದಷ್ಟು ದಿನ ಒಂದು ಹನಿ ನೀರು ತಾಗಿಸಬಾರದು. ಇದೆಲ್ಲ ಆಮೇಲೆ ಓದಿ ತಿಳಿದಿದ್ದು. ಮೊದಲೇ ಓದಿದ್ದರೆ? ಬಿಡಿ.

ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಮೇಡಂ, ನಿಮ್ಮ ನೀರು ಸರಿ ಇಲ್ಲ."

ಆ ನೀರನ್ನು ನೋಡಿಯೇ ತಾನೇ ರೇಟ್ ಹೇಳಿದ್ದು ಅಂದೆ. "ಹಂಗಾದ್ರೆ ಬಿಸಿನೀರು ಜಾಸ್ತಿ ಬಿಟ್ಟಿರ್ತೀರಿ." ಬಚ್ಚಲಲ್ಲಿ ಬಿಸಿನೀರು ಬಿಡದೆ ಇನ್ನೇನು ಬಿಡೋದಪ್ಪಾ? "ಗೋಡೆಗೆ ತಾಗ್ದಂಗೆ ಸ್ನಾನ ಮಾಡ್ಬೇಕಿತ್ತು ಮೇಡಂ." ಇದನ್ನು ನಗದೆ ಹೇಳಿದ. ಗೋಡೆಗೆ ತಾಗದಂತೆ! ಡಬ್ಬದ ಫೋಟೋ ಕಳಿಸಿ ಹಾರ್ಡ್‌ನರ್ ಎಲ್ಲಿ ಅಂತ ಕೇಳಿದ್ದಕ್ಕೆ ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮೂರು ದಿನ ಬಿಟ್ಟು ಒಂದು ವಾಯ್ಸ್ ಮೆಸೇಜ್: "ಟಚಪ್ ಮಾಡ್ಕೊಡ್ತೀನಿ, ಮೆಟೀರಿಯಲ್‌ಗೆ 2,000 ಹಾಕಿ." ಅದಾದ ಮೇಲೆ ಅವನಿಂದ ದಿನಾ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಬರುತ್ತಿದೆ, ದುಡ್ಡಿನ ಮಾತಿಲ್ಲ.

ಎಪಾಕ್ಸಿಯನ್ನು ಸರಿಯಾಗಿ ಹೊಡೆದರೆ ನಿಲ್ಲುತ್ತೆ ಅನ್ನುವವರೂ ಇದ್ದಾರೆ, ಇರಬಹುದು. ನನ್ನ ಮಟ್ಟಿಗೆ ದಿನಾ ನೀರು ಬೀಳುವ ಗೋಡೆಗೆ, ಅದರಲ್ಲೂ ನೆಲಕ್ಕೆ, ಪೇಂಟ್ ಬೇಡವೇ ಬೇಡ. ಹೊಡೆಸಿಯೇ ತೀರುತ್ತೇನೆ ಅಂದರೆ ಎರಡು ಡಬ್ಬ ಕಣ್ಣೆದುರು ತೆರೆಸಿ, ಉಜ್ಜುವಾಗ ಪಕ್ಕದಲ್ಲೇ ನಿಂತಿರಿ, ಒಂದು ತಿಂಗಳು ಬಿಟ್ಟು ಬಾಕಿ ದುಡ್ಡು ಕೊಡಿ. ಒಪ್ಪದಿದ್ದರೆ ಟೀ ಕೊಟ್ಟು ಕಳಿಸಿ. ಟೀನೂ ಬೇಡ.

ಅಕ್ಕನಿಗೆ ಫೋನ್ ಮಾಡಿ ಅವನನ್ನು ಕರೆಸಬೇಡ ಅಂದೆ. ಅವಳು ಆಗಲೇ 5,000 ಅಡ್ವಾನ್ಸ್ ಹಾಕಿದ್ದಾಳಂತೆ. ಈಗ ನಾನು ಬ್ಲೇಡ್ ಹಿಡಿದು ದಿನಕ್ಕೊಂದು ಸಾಲು ಕೆರೆಯುತ್ತಿದ್ದೇನೆ. ಇನ್ನೂ ಎರಡು ಗೋಡೆ ಬಾಕಿ. ಕಿತ್ತು ಬರಲೇಬೇಕಾದ ಕಡೆ ಮಾತ್ರ ಈ ಬಣ್ಣ ಗಟ್ಟಿಯಾಗಿ ಕಚ್ಚಿಕೊಂಡಿದೆ.