ಬೇಸಿಗೆ ರಜೆ: ಪೋಕರ್ ಮೇಜೋ, ಗೋದಾಮಿನ ಕೆಲಸವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೆಲಸಕ್ಕೆ. ಕೊನೆಯ ತನಕ ಕಾಯಿಸುವಂಥ ಗುಟ್ಟು ಇದರಲ್ಲಿ ಏನೂ ಇಲ್ಲ. ಹಾಗಂತ ಪೋಕರ್ ಆಡಿದರೆ ಹಾಳಾಗಿ ಹೋಗುತ್ತೀರಿ ಅಂತ ಬುದ್ಧಿ ಹೇಳಲು ಕೂತಿಲ್ಲ. ಅದಕ್ಕೆ ಮನೆಯಲ್ಲಿ ದೊಡ್ಡವರು ಇದ್ದೇ ಇರುತ್ತಾರೆ. ನಾನು ಎರಡನ್ನೂ ಒಂದೊಂದು ಬೇಸಿಗೆ ಮಾಡಿ ನೋಡಿದ್ದೇನೆ. ಮೊದಲ ವರ್ಷ ಮುಗಿದ ಮೇಲೆ ಹತ್ತು ವಾರ ಪೋಕರ್. ಎರಡನೇ ವರ್ಷ ಮುಗಿದ ಮೇಲೆ ಹತ್ತು ವಾರ ಒಂದು ಗೋದಾಮಿನಲ್ಲಿ ಸರಕು ಎಣಿಸುವ ಕೆಲಸ. ಎರಡೂ ವಾರಕ್ಕೆ ಐದು ದಿನ, ದಿನಕ್ಕೆ ಆರು ಗಂಟೆ. ಅಂದರೆ ತಲಾ 300 ಗಂಟೆ. ಹೋಲಿಸುವುದಕ್ಕೆ ಇದಕ್ಕಿಂತ ಸರಿಸಮ ಸಿಗುವುದು ಕಷ್ಟ.

ಹಣ ಇಟ್ಟು ಆಡುವುದು ಎಲ್ಲ ಕಡೆ ಕಾನೂನಿಗೆ ಒಪ್ಪುವುದಿಲ್ಲ, ವಯಸ್ಸಿನ ಮಿತಿಯೂ ಇರುತ್ತದೆ. ನೀವಿರುವ ಕಡೆ ನಿಷೇಧ ಇದ್ದರೆ ಈ ಹೋಲಿಕೆ ಇಲ್ಲಿಗೇ ಮುಗಿಯಿತು, ಕೆಲಸ ಹುಡುಕಿ. ನಾನು ಆಡಿದ್ದು ಪರವಾನಗಿ ಇದ್ದ ಒಂದು ಕಾರ್ಡ್ ರೂಮಿನಲ್ಲಿ, ಅಲ್ಲಿನ ಅತಿ ಸಣ್ಣ ಮೇಜಿನಲ್ಲಿ. ಆಟ ನೋ ಲಿಮಿಟ್ ಹೋಲ್ಡೆಮ್: ಪ್ರತಿಯೊಬ್ಬನ ಕೈಗೆ ಎರಡು ಎಲೆ, ಮೇಜಿನ ಮಧ್ಯೆ ಎಲ್ಲರಿಗೂ ಸೇರಿ ಐದು ಎಲೆ, ಪಣಕ್ಕೆ ಮಿತಿ ಇಲ್ಲ. ಆಡುವ ಕ್ರಮವನ್ನು ಪೂರ್ತಿ ವಿವರಿಸುವುದಿಲ್ಲ, ಈ ಹೋಲಿಕೆಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ.

ನನ್ನ ತಲೆಗೆ ಹುಳ ಬಿಟ್ಟಿದ್ದು 2003ರ ಕಥೆ. ಕ್ರಿಸ್ ಮನಿಮೇಕರ್ ಅನ್ನುವ ಅಮೆರಿಕನ್ 86 ಡಾಲರಿನ ಆನ್‌ಲೈನ್ ಅರ್ಹತಾ ಆಟ ಗೆದ್ದು ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯಕ್ಕೆ ಹೋದ. ಅಲ್ಲಿ 25 ಲಕ್ಷ ಡಾಲರ್ ಗೆದ್ದ. ಹೆಸರೂ ಹಾಗೇ, ಹುಟ್ಟಿನಿಂದ ಬಂದದ್ದು! ಆಗ ಇಡೀ ಪ್ರಪಂಚದ ಹಾಸ್ಟೆಲ್ ಹುಡುಗರು ಪಣಕ್ಕೆ ಇಡುವ ಪೋಕರ್ ಚಿಪ್ಸ್ ಕೊಂಡರು ಅನ್ನಬಹುದು. ಆ ಪಂದ್ಯದಲ್ಲಿ ಕೂತಿದ್ದವರು 839 ಜನ ಅನ್ನುವುದು ನನಗೆ ತಡವಾಗಿ ತಿಳಿಯಿತು. ಅದಕ್ಕಿಂತ ತಡವಾಗಿ ತಿಳಿದದ್ದು ಇನ್ನೊಂದು: ಆತ ಆಗ ಅಕೌಂಟೆಂಟ್. ತಿಂಗಳ ಸಂಬಳದ ಕೆಲಸ ಇತ್ತು ಮಹಾರಾಯನಿಗೆ.

ಇನ್ನು ನನ್ನ ಲೆಕ್ಕ. ದುಡ್ಡಿನಲ್ಲಿ ಹೇಳುವುದಿಲ್ಲ, ಬಿಗ್ ಬ್ಲೈಂಡ್‌ನಲ್ಲಿ ಹೇಳುತ್ತೇನೆ. ಅಂದರೆ ಎಲೆ ನೋಡುವ ಮುಂಚೆಯೇ ಸರದಿಯಂತೆ ಒಬ್ಬ ಹಾಕಲೇಬೇಕಾದ ಪಣ. ಆಗ ಮೇಜು ಸಣ್ಣದಿರಲಿ ದೊಡ್ಡದಿರಲಿ, ಲೆಕ್ಕ ಹೊಂದುತ್ತದೆ. ನೂರು ಬ್ಲೈಂಡ್ ಅಂದರೆ ಒಂದು ಬೈ-ಇನ್, ಮೇಜಿಗೆ ಕೂರುವಾಗ ತರುವ ದುಡ್ಡು. ದಿನಾ ರಾತ್ರಿ ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ತಾರೀಕು, ಗಂಟೆ, ಗೆದ್ದದ್ದು ಅಥವಾ ಸೋತದ್ದು ಬರೆಯುತ್ತಿದ್ದೆ. ಆರನೇ ವಾರದ ಕೊನೆಗೆ 600 ಬ್ಲೈಂಡ್ ಮೇಲಿದ್ದೆ. ಆ ವಾರ ನನ್ನ ನಡಿಗೆಯೇ ಬದಲಾಗಿತ್ತು ಅಂತ ಗೆಳೆಯರು ಈಗಲೂ ನಗುತ್ತಾರೆ. ಹತ್ತನೇ ವಾರ ಮುಗಿದಾಗ ಉಳಿದದ್ದು 140. ಅದನ್ನು 300 ಗಂಟೆಗೆ ಹಂಚಿದರೆ ಗಂಟೆಗೆ ಅರ್ಧ ಬ್ಲೈಂಡೂ ಇಲ್ಲ. ಆದರೂ ಸೋಲಲಿಲ್ಲವಲ್ಲ, ಅದೇ ದೊಡ್ಡದು ಅಂದುಕೊಂಡೆ. ಕಡಿಮೆ ಸಿಕ್ಕಿತು ಅನ್ನುವುದು ನನ್ನ ದೂರಲ್ಲ. ನಾನು ಚೆನ್ನಾಗಿ ಆಡುತ್ತೇನೋ ಇಲ್ಲವೋ ಅನ್ನುವುದೇ ಗೊತ್ತಾಗಲಿಲ್ಲ, ತಕರಾರು ಇರುವುದು ಅಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದರೆ ಪೋಕರ್‌ನಲ್ಲಿ ನನಗೆ ಅತಿ ಜಾಸ್ತಿ ಕಿರಿಕಿರಿ ಕೊಟ್ಟದ್ದು ಇದೊಂದೇ. ಎದುರು ಕೂತು ಆಡುವಾಗ ಗಂಟೆಗೆ 25ರಿಂದ 30 ಸಲ ಎಲೆ ಹಂಚುತ್ತಾರೆ, ಪ್ರತಿ ಸಲದ್ದು ಒಂದು ಹ್ಯಾಂಡ್. 300 ಗಂಟೆಗೆ ಸುಮಾರು 8,000 ಹ್ಯಾಂಡ್ ಆಯಿತು. ಕೇಳಲು ದೊಡ್ಡ ಸಂಖ್ಯೆ, ಅಲ್ವಾ? ಕೈಗೆ ಎರಡು ಎಕ್ಕ ಬರುವುದು 221 ಹ್ಯಾಂಡ್‌ಗೆ ಒಮ್ಮೆ. ಅಂದರೆ ಇಡೀ ಬೇಸಿಗೆಗೆ ಲೆಕ್ಕದ ಪ್ರಕಾರ 36 ಸಲ. ಅದರಲ್ಲಿ ಎದುರಿನವನ ಕೈಯಲ್ಲೂ ಒಳ್ಳೆಯ ಎಲೆ ಇದ್ದು, ಇಬ್ಬರೂ ಇದ್ದದ್ದೆಲ್ಲ ನೂಕುವುದು ಬೆರಳೆಣಿಕೆಯಷ್ಟು ಸಲ. ಎಂಟನೇ ವಾರ ನನ್ನ ಹತ್ತಿರ ಎಕ್ಕದ ಜೋಡಿ, ಎದುರಿನವನ ಹತ್ತಿರ ರಾಜನ ಜೋಡಿ. ಫ್ಲಾಪ್‌ಗೆ, ಅಂದರೆ ಮಧ್ಯದ ಮೊದಲ ಮೂರು ಎಲೆ ತೆರೆಯುವುದಕ್ಕೆ ಮುಂಚೆಯೇ ಆಲ್ ಇನ್, ಇದ್ದದ್ದೆಲ್ಲ ಮಧ್ಯಕ್ಕೆ. ನೂರರಲ್ಲಿ 82 ಸಲ ನಾನೇ ಗೆಲ್ಲಬೇಕಾದ ಹ್ಯಾಂಡ್. ಕೊನೆಯ ಎಲೆ ಕಳಾವರ್ ರಾಜ, ಅವನಿಗೆ ಮೂರು ರಾಜ ಆಯಿತು. ಒಂದು ಎಲೆಯಲ್ಲಿ ಒಂದೂವರೆ ವಾರದ ಸಂಪಾದನೆ ಹೋಯಿತು. ಬೇಜಾರು ಅನ್ನಬಹುದು, ಅನ್ಯಾಯ ಅನ್ನುವಂತಿಲ್ಲ. ನೂರರಲ್ಲಿ 18 ಸಲ ಹಾಗೇ ಆಗಬೇಕು.

ಮುಂದಿನ ಸೆಮಿಸ್ಟರ್‌ನಲ್ಲಿ ಸಂಖ್ಯಾಶಾಸ್ತ್ರದ ಪಾಠಕ್ಕೆ ಸ್ಟ್ಯಾಂಡರ್ಡ್ ಡೀವಿಯೇಷನ್ ಬಂತು, ಅಂದರೆ ಫಲಿತಾಂಶ ಸರಾಸರಿಯಿಂದ ಎಷ್ಟು ಏರಿಳಿಯುತ್ತದೆ ಅನ್ನುವ ಅಳತೆ. ಕ್ಲಾಸಿನಲ್ಲೇ ಕೂತು ನೋಟ್‌ಬುಕ್ ತೆಗೆದೆ. ಈ ಆಟದಲ್ಲಿ ಪ್ರತಿ 100 ಹ್ಯಾಂಡ್‌ಗೆ ಏರಿಳಿತ ಸುಮಾರು 80ರಿಂದ 100 ಬ್ಲೈಂಡ್. 90 ಅಂತಲೇ ಹಿಡಿಯಿರಿ. 8,000 ಹ್ಯಾಂಡ್ ಅಂದರೆ ನೂರರ 80 ಕಟ್ಟು. ಏರಿಳಿತ ಬೆಳೆಯುವುದು ಕಟ್ಟುಗಳ ವರ್ಗಮೂಲದಷ್ಟು, 80ರ ವರ್ಗಮೂಲ ಹತ್ತಿರ ಹತ್ತಿರ 9. ಹಾಗಾಗಿ ಬೇಸಿಗೆಯ ಒಟ್ಟು ಏರಿಳಿತ 800 ಬ್ಲೈಂಡ್‌ನ ಆಸುಪಾಸು. ನಿಜಕ್ಕೂ ಚೆನ್ನಾಗಿ ಆಡುವವನು 100 ಹ್ಯಾಂಡ್‌ಗೆ 5 ಬ್ಲೈಂಡ್ ಗೆಲ್ಲುತ್ತಾನೆ ಅಂದುಕೊಳ್ಳೋಣ. ಬೇಸಿಗೆಗೆ ಅವನ ಸಂಪಾದನೆ 400. ಏರಿಳಿತ 800, ಸಂಪಾದನೆ 400. ಇದರ ಅರ್ಥ ಏನು ಗೊತ್ತೇ? ಅಷ್ಟು ಚೆನ್ನಾಗಿ ಆಡುವವನೂ ಹೆಚ್ಚುಕಡಿಮೆ ಮೂರು ಬೇಸಿಗೆಯಲ್ಲಿ ಒಂದನ್ನು ಸೋತೇ ಮುಗಿಸುತ್ತಾನೆ. ಅಷ್ಟೇ ಕೆಟ್ಟದಾಗಿ ಆಡುವವನು ಮೂರರಲ್ಲಿ ಒಂದನ್ನು ಗೆದ್ದು, ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ನನ್ನ 140 ಇವರಿಬ್ಬರಲ್ಲಿ ಯಾರದ್ದು? ನೋಟ್‌ಬುಕ್ಕಿಗೆ ಗೊತ್ತಿಲ್ಲ.

ಸರಿ, ಎಷ್ಟು ಆಡಿದರೆ ಗೊತ್ತಾಗುತ್ತದೆ ಅಂತಲೂ ಲೆಕ್ಕ ಹಾಕಿದೆ. ಸಂಪಾದನೆ ಏರಿಳಿತದ ಎರಡರಷ್ಟು ಆಗಬೇಕಾದರೆ ಸುಮಾರು 1,30,000 ಹ್ಯಾಂಡ್ ಬೇಕು. ನನ್ನ ವೇಗದಲ್ಲಿ ಅದು 16 ಬೇಸಿಗೆ. ಡಿಗ್ರಿಯಲ್ಲಿ ಸಿಗುವ ಬೇಸಿಗೆ ರಜೆ ಎಷ್ಟು ಅಂತ ನೀವೇ ಎಣಿಸಿ. ಆ ಪಾಠದ ಉಳಿದ ಭಾಗ ಏನು ಹೇಳಿದರೋ ನನಗೆ ನೆನಪಿಲ್ಲ.

ಆನ್‌ಲೈನ್‌ನಲ್ಲಿ ನಾಲ್ಕು ಮೇಜು ತೆರೆದು ಕೂತರೆ ಎರಡೇ ಬೇಸಿಗೆ ಸಾಕಲ್ಲ ಅಂತ ಒಬ್ಬ ಗೆಳೆಯ ವಾದ ಮಾಡಿದ. ಲೆಕ್ಕ ಸರಿ. ಆದರೆ ಅಲ್ಲಿ ಅಷ್ಟೇ ಸಣ್ಣ ಪಣಕ್ಕೂ ಕೂರುವವರು ಗಟ್ಟಿ ಆಟಗಾರರು, ಗೆಲುವಿನ ದರ ಅರ್ಧಕ್ಕೆ ಇಳಿದರೆ ಬೇಕಾದ ಹ್ಯಾಂಡ್ ನಾಲ್ಕು ಪಟ್ಟಾಗುತ್ತದೆ. ಜೊತೆಗೆ ಹಣ ಇನ್ನೊಬ್ಬರ ಪೆಟ್ಟಿಗೆಯಲ್ಲಿ ಇರುತ್ತದೆ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ದೊಡ್ಡ ಪೋಕರ್ ಸೈಟುಗಳ ವಿಳಾಸಗಳನ್ನೇ ವಶಕ್ಕೆ ತೆಗೆದುಕೊಂಡಿತು. ಅದರಲ್ಲಿ ಒಂದು ಸೈಟಿನ ಅಮೆರಿಕನ್ ಆಟಗಾರರಿಗೆ ದುಡ್ಡು ವಾಪಸ್ ಬರಲು ಶುರುವಾಗಿದ್ದು 2014ರಲ್ಲಿ.

ಗೋದಾಮಿನಲ್ಲಿ ಈ ಒಗಟೇ ಇಲ್ಲ. ಎರಡನೇ ದಿನವೇ ಮೇಲ್ವಿಚಾರಕರು ಬಂದು, ನೀನು ಎಣಿಸಿದ ಮೂರನೇ ರ‍್ಯಾಕು ತಪ್ಪು, ಮತ್ತೆ ಎಣಿಸು ಅಂದರು. ಎಷ್ಟು ಹಾಯಾಯಿತು ಗೊತ್ತೇ! ತಪ್ಪು ಮಾಡಿದರೆ ತಪ್ಪು ಅಂತ ಹೇಳುವವರು ಇದ್ದಾರೆ. ಪೋಕರ್‌ನಲ್ಲಿ ತಪ್ಪು ಮಾಡಿದಾಗ ಎಷ್ಟೋ ಸಲ ಪಾಟ್, ಅಂದರೆ ಮಧ್ಯದಲ್ಲಿ ಕೂಡಿದ ಪಣ, ನಮ್ಮ ಕಡೆಗೇ ಬರುತ್ತದೆ. ಅದೇ ತಪ್ಪನ್ನು ಮತ್ತೆ ಮಾಡುತ್ತೇವೆ.

ಎರಡನೇ ತಾಪತ್ರಯ ಬಂಡವಾಳದ್ದು. ಸಂಬಳ ಬಂದರೆ ಖರ್ಚು ಮಾಡಬಹುದು. ಪೋಕರ್‌ನಲ್ಲಿ ಗೆದ್ದ ದುಡ್ಡು ಮತ್ತೆ ಆಡುವುದಕ್ಕೆ ಬೇಕಾದ ಸರಕು. ಕನಿಷ್ಠ 20 ಬೈ-ಇನ್ ಬೇರೆ ಎತ್ತಿಟ್ಟು ಆಡಬೇಕು ಅನ್ನುವುದು ಹಳಬರ ಲೆಕ್ಕ. ನನ್ನ ಹತ್ತಿರ ಇದ್ದದ್ದು 8. ಆರನೇ ವಾರಕ್ಕೆ ಅದು 14 ಆಯಿತು. ಅಷ್ಟರಲ್ಲಿ ಕಾಲೇಜಿನ ಫೀಸಿನ ಕಂತು ಬಂತು. 4 ಬೈ-ಇನ್ ತೆಗೆದು ಕಟ್ಟಿದೆ. ಅಲ್ಲಿಂದ ಆಟ ಕೆಟ್ಟಿತು. ಎಲೆ ಸರಿಯಾಗೇ ಬರುತ್ತಿತ್ತು, ಕೈ ನಡುಗುತ್ತಿತ್ತು.

ಒಂದು ಹ್ಯಾಂಡ್ ಇನ್ನೂ ಕಣ್ಣ ಮುಂದಿದೆ. ನನ್ನ ಹತ್ತಿರ ಎರಡು ಆಟೀನು, ಫ್ಲಾಪ್‌ನಲ್ಲಿ ಇನ್ನೆರಡು ಆಟೀನು. ಐದನೆಯದು ಬಂದರೆ ಹೆಚ್ಚುಕಡಿಮೆ ಗೆದ್ದ ಹಾಗೆ. ಎದುರಿನವನು ಆಲ್ ಇನ್. ಅವನ ಪಣವೂ ಸೇರಿ ಮಧ್ಯದಲ್ಲಿ 200 ಬ್ಲೈಂಡ್, ನಾನು ಹಾಕಬೇಕಾದದ್ದು 60. ಉಳಿದ ಒಂಬತ್ತು ಆಟೀನಿನಲ್ಲಿ ಒಂದು ಮುಂದಿನ ಎರಡು ಎಲೆಯಲ್ಲಿ ಬರುವ ಸಾಧ್ಯತೆ ನೂರಕ್ಕೆ 35. 260ರಲ್ಲಿ ನನ್ನದು 60, ಹಾಗಾಗಿ ನಷ್ಟವಾಗದಿರಲು ನನಗೆ ಬೇಕಾಗಿದ್ದದ್ದು ನೂರಕ್ಕೆ 23 ಮಾತ್ರ. ಕಣ್ಣು ಮುಚ್ಚಿ ಹಾಕಬೇಕು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮುಂದಿನ ಫೀಸಿನ ಕಂತು. ಎಲೆ ಬಿಸಾಕಿದೆ. ಲೆಕ್ಕ ಬಾರದವನು ತಪ್ಪು ಮಾಡಿದರೆ ಅದು ಬೇರೆ. ಲೆಕ್ಕ ಬಂದೂ ಹೀಗೆ ಮಾಡಿದೆನಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಕಾರ್ಡ್ ರೂಮಿನವರ ಕಮಿಷನ್, ಅಂದರೆ ರೇಕ್: ಪ್ರತಿ ಪಾಟ್‌ಗೆ ನೂರಕ್ಕೆ ಐದು, ಒಂದು ಮಿತಿಯ ತನಕ. ಸಣ್ಣ ಮೇಜಿನಲ್ಲಿ ಅದು ಚೆನ್ನಾಗಿ ಕಚ್ಚುತ್ತದೆ. ಯಾರು ಗೆದ್ದರೂ ಸೋತರೂ ಪ್ರತಿ ರಾತ್ರಿ ಗೆಲ್ಲುತ್ತಿದ್ದವರು ಅವರು ಮಾತ್ರ.

ನಿದ್ದೆ: ಕೆಲಸಕ್ಕೆ ಪೂರ್ತಿ ಅಂಕ. ಸುಸ್ತಾದವರು, ಸೋತು ಸಿಟ್ಟಾದವರು ಮೇಜಿನಲ್ಲಿ ಇರುವುದು ವಾರದ ಕೊನೆಯ ನಡುರಾತ್ರಿಯಲ್ಲಿ. ದುಡ್ಡು ಬರುವುದೂ ಆಗಲೇ. ನನಗೆ ಹತ್ತೂವರೆಗೆ ಕಣ್ಣು ಎಳೆಯುತ್ತದೆ. ಅಂದರೆ ಆ ಸುಸ್ತಾದವರ ಪಟ್ಟಿಯಲ್ಲಿ ನಾನೂ ಇದ್ದೆ.

ಮಜಾ: ಪೋಕರ್. ಇದರಲ್ಲಿ ವಾದವೇ ಇಲ್ಲ. ಸ್ಕ್ಯಾನರ್ ಹಿಡಿದು ಒಂದೇ ತರಹದ ಡಬ್ಬಿಗಳನ್ನು ಆರು ಗಂಟೆ ಎಣಿಸಿ ನೋಡಿ, ಗೊತ್ತಾಗುತ್ತದೆ. ಮೂರನೇ ವಾರಕ್ಕೆ ಕನಸಿನಲ್ಲೂ ಬೀಪ್ ಶಬ್ದ ಬರುತ್ತಿತ್ತು.

ಕೆಲಸದಲ್ಲೂ ಬೈಯುವಂಥದ್ದು ಇದೆ. ಮೊದಲ ಸಂಬಳ ಕೈಗೆ ಬಂದದ್ದು ಆರನೇ ವಾರ. ತಿಂಗಳ ಮಧ್ಯೆ ಸೇರಿದವರ ಹೆಸರು ಮುಂದಿನ ತಿಂಗಳ ಪಟ್ಟಿಗೆ ಹೋಗುತ್ತದಂತೆ. ಸೇರುವಾಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಯ ತನಕ ಗೆಳೆಯರ ಹತ್ತಿರ ಸಾಲ. ನೀವು ಸೇರುವ ದಿನವೇ ಕೇಳಿಕೊಳ್ಳಿ: ಸಂಬಳ ಯಾವ ತಾರೀಕಿಗೆ, ಯಾವ ದಿನದವರೆಗಿನ ಲೆಕ್ಕಕ್ಕೆ? ಆದರೂ ಫೀಸಿನ ಕಂತಿನ ದಿನ ಬ್ಯಾಂಕಿನವರಿಗೆ ಯಾವ ದುಡ್ಡು ಯಾವಾಗ ಬರುತ್ತದೆ ಅಂತ ನಾನು ಹೇಳಬಲ್ಲವನಾಗಿದ್ದೆ. ಹಿಂದಿನ ವರ್ಷ ಆ ಮಾತು ಹೇಳುವ ಸ್ಥಿತಿಯಲ್ಲೇ ಇರಲಿಲ್ಲ.

ಬಯೋಡೇಟಾಕ್ಕೆ ಕೆಲಸದಿಂದ ಒಂದು ಸಾಲು ಸಿಕ್ಕಿತು. ಪೋಕರ್‌ನಿಂದ ಸಿಕ್ಕ ಸಾಲನ್ನು ಬರೆಯುವಂತಿಲ್ಲ.

ಯಾರಿಗೆ ಪೋಕರ್ ಹೊಂದಬಹುದು? ನಮ್ಮ ಮೇಜಿನಲ್ಲೇ ಒಬ್ಬ ಸೀನಿಯರ್ ಇದ್ದ. ಫೀಸು ಮೊದಲೇ ಕಟ್ಟಿ ಆಗಿತ್ತು. ಆಡುವ ದುಡ್ಡು ಬೇರೆ ಖಾತೆಯಲ್ಲಿ, 30 ಬೈ-ಇನ್. ಪೂರ್ತಿ ಹೋದರೂ ಅವನ ಊಟ ತಪ್ಪುತ್ತಿರಲಿಲ್ಲ. ಹಗಲು ಎಲ್ಲೋ ಪಾಠ ಹೇಳುತ್ತಿದ್ದ. ಎರಡು ಬೈ-ಇನ್ ಹೋದರೆ ಆ ರಾತ್ರಿ ಎದ್ದು ಹೋಗುತ್ತಿದ್ದ, ಯಾರು ಎಷ್ಟು ಕರೆದರೂ ಕೂರುತ್ತಿರಲಿಲ್ಲ. ಅವನಿಗೆ ಅದು ಸರಿ. ನನಗೆ ಆ ದುಡ್ಡೂ ಇಲ್ಲ, ಎದ್ದು ಹೋಗುವ ಬುದ್ಧಿಯೂ ಇಲ್ಲ. ಸೋತ ರಾತ್ರಿ ಇನ್ನೊಂದೇ ಒಂದು ಸುತ್ತು ಅಂತ ಕೂತ ದಿನಗಳು ನೋಟ್‌ಬುಕ್ಕಿನಲ್ಲಿ ಹನ್ನೊಂದು ಇವೆ. ಹನ್ನೊಂದರಲ್ಲಿ ಒಂಬತ್ತು ಸಲ ಇನ್ನೂ ಸೋತಿದ್ದೇನೆ.

ಈ ಬೇಸಿಗೆಗೆ ಅದೇ ಗೋದಾಮಿನವರಿಗೆ ಹೇಳಿ ಇಟ್ಟಿದ್ದೇನೆ. ಈ ಸಲ ತಿಂಗಳ ಒಂದನೇ ತಾರೀಕಿಗೇ ಸೇರುತ್ತೇನೆ, ಸಂಬಳದ ಪಟ್ಟಿ ತಪ್ಪಬಾರದು ನೋಡಿ. ಶನಿವಾರ ಸಂಜೆ ಒಂದು ಬೈ-ಇನ್ ಪೋಕರ್‌ಗೆ, ಅದು ಮುಗಿದರೆ ಮನೆಗೆ. ಮತ್ತೆ, ಸೇರುವ ಮುಂಚೆ ಒಂದು ಜೊತೆ ಒಳ್ಳೆಯ ಶೂ ತೆಗೆದುಕೊಳ್ಳಬೇಕು. ಸಿಮೆಂಟ್ ನೆಲದ ಮೇಲೆ ಆರು ಗಂಟೆ ನಿಂತರೆ ಮೊದಲು ಹೋಗುವುದು ಹಿಮ್ಮಡಿ.