ಮೈಸೂರಿಗೆ ಎರಡು ಸಲ: ಒಮ್ಮೆ ಪ್ಯಾಕೆಟ್, ಒಮ್ಮೆ ಡಬ್ಬಿ

ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಂದ ಮೈಸೂರಿಗೆ ರೈಲಲ್ಲಿ ಹೋಗಿದ್ದೆವು. ಬೆಳಗ್ಗೆ ಹೋಗಿ ರಾತ್ರಿ ವಾಪಸ್. ಮಗಳಿಗೆ 4 ವರ್ಷ, ಮಗನಿಗೆ 14 ತಿಂಗಳು. ಓಡಾಟದ ನಡುವೆ ಡಸ್ಟ್‌ಬಿನ್ ಹುಡುಕೋದಕ್ಕೆ ಆಗದೆ ಕಸವನ್ನೆಲ್ಲ ಒಂದು ಕವರಿಗೆ ತುರುಕುತ್ತಾ ಹೋಗಿದ್ದೆ. ರಾತ್ರಿ ಅದನ್ನು ಅಡುಗೆಮನೆ ನೆಲದ ಮೇಲೆ ಸುರಿದು ನೋಡಿದರೆ 5 ಡೈಪರ್, 31 ವೈಪ್ಸ್, 3 ನೀರಿನ ಬಾಟಲಿ, 4 ಚಿಪ್ಸ್-ಬಿಸ್ಕತ್ ಪ್ಯಾಕೆಟ್, 2 ಜ್ಯೂಸ್ ಡಬ್ಬ, 2 ಐಸ್‌ಕ್ರೀಮ್ ಕಪ್. ಒಂದೇ ದಿನದ್ದು!

ಮನೆಯಲ್ಲಿ ನಾವು ಕಸದ ವಿಷಯದಲ್ಲಿ ಕಟ್ಟುನಿಟ್ಟು. 2015ರಲ್ಲಿ ಹೈಕೋರ್ಟ್ ಹೇಳಿದ ಪ್ರಕಾರ ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರ್-ಪ್ಯಾಡು, ಚೀಲಕ್ಕೆ ಒಣ ಕಸ. ಹೊಸಿಲು ದಾಟಿದ ಕೂಡಲೇ ಆ ಶಿಸ್ತೆಲ್ಲ ಮಂಗಮಾಯ.

ಸರಿ, ಈ ಕಸ ಎಷ್ಟು ಕಮ್ಮಿ ಮಾಡೋಕಾಗುತ್ತೆ ನೋಡೋಣ ಅಂತ ಮಾರ್ಚ್‌ನಲ್ಲಿ ಮತ್ತೆ ಹೋದೆವು. ಅದೇ ರೈಲು, ಅದೇ ಜೂ, ಅದೇ ಗಲಾಟೆ. ಬ್ಯಾಗಿನೊಳಗಿನ ಸಾಮಾನು ಮಾತ್ರ ಬೇರೆ.

ಮೊದಲು ಡೈಪರ್. ತಲೆ ಕೆಡಿಸಿಕೊಂಡಿದ್ದು ಇದಕ್ಕೇ ಜಾಸ್ತಿ.

ನಮ್ಮ ಮುಂದೆ ಮೂರು ದಾರಿ ಇತ್ತು. ಬಿಸಾಡೋ ಡೈಪರ್, ತೊಳೆದು ಬಳಸೋ ಬಟ್ಟೆ ಡೈಪರ್, ಇಲ್ಲಾ ಅತ್ತೆಯ ಲಂಗೋಟಿ. "ಹಳೇ ಪಂಚೆ ಹರಿದರೆ ಹತ್ತು ಲಂಗೋಟಿ ಆಗುತ್ತಲ್ಲಮ್ಮ, ದುಡ್ಡು ಯಾಕೆ ಸುರೀತೀಯ" ಅಂತ ಅತ್ತೆ ಶುರುವಿಂದಲೂ ಹೇಳುತ್ತಿದ್ದರು. ಮನೆಯಲ್ಲಿದ್ದಾಗ ಅವರ ಮಾತೇ ಸರಿ. ಲಂಗೋಟಿ ಅರ್ಧ ದಿನದ ಬಿಸಿಲಿಗೆ ಗರಿಗರಿಯಾಗಿ ಒಣಗುತ್ತದೆ, ಕೂಸಿನ ಚರ್ಮಕ್ಕೂ ಹಿತ. ಆದರೆ ರೈಲಲ್ಲಿ? ಕೆಂಗೇರಿ ದಾಟೋದರೊಳಗೆ ನನ್ನ ಸೀರೆ, ಸೀಟು ಎರಡೂ ಒದ್ದೆಯಾಗುತ್ತವೆ. ಹಾಗಾಗಿ ಲಂಗೋಟಿಯನ್ನು ಪ್ರಯಾಣದ ಆಟದಿಂದ ಕೈಬಿಟ್ಟೆ.

ಬಟ್ಟೆ ಡೈಪರ್‌ಗೆ ಹೊರಗೆ ನೀರು ಬಿಡದ ಪದರ, ಒಳಗೆ ದಪ್ಪ ಹೀರುಬಟ್ಟೆ. ನಾವು ಕೊಂಡಾಗ ಒಂದಕ್ಕೆ 500 ರೂಪಾಯಿ ಹತ್ತಿರ ಬಿದ್ದಿತ್ತು. ಪ್ಯಾಕೆಟ್ಟಿನದು ನಾಲ್ಕೈದು ಗಂಟೆ ತಡೆದರೆ ಇದು ನಮ್ಮ ಮಗನಿಗೆ ಎರಡು, ಹೆಚ್ಚೆಂದರೆ ಎರಡೂವರೆ ಗಂಟೆ. ಮೈಸೂರು ರೈಲಿಗೆ ಸರಿಯಾಗಿ ಅಷ್ಟೇ ಹೊತ್ತು ಬೇಕು ಅನ್ನೋದು ನಮ್ಮ ಅದೃಷ್ಟ. ನಾಲ್ಕು ಒಯ್ದಿದ್ದೆ. ಬರೀ ಒದ್ದೆಯಾಗಿದ್ದನ್ನು ಜಿಪ್ ಇರುವ ನೀರು ಸೋರದ ಚೀಲಕ್ಕೆ ಹಾಕಿದರೆ ಮುಗೀತು. ಕಕ್ಕ ಮಾಡಿದಾಗಲೇ ಪೇಚಾಟ. ಜೂ ಹತ್ತಿರದ ಶೌಚಾಲಯದಲ್ಲಿ ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಡೈಪರ್. ನಲ್ಲಿ ತಿರುಗಿಸೋಕೆ ಮೂರನೇ ಕೈ ಎಲ್ಲಿಂದ ತರಲಿ? ಹೊರಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಬಂದು ನಲ್ಲಿ ಬಿಟ್ಟರು. "ಇದನ್ನೂ ಒಗೀತೀಯೇನಮ್ಮ, ನಮ್ಮ ಕಾಲದ ಹಾಗೆ!" ಅಂತ ನಕ್ಕರು.

ಹಾಗಾದರೆ ಗೆದ್ದಿದ್ದು ಯಾವುದು? ಅರ್ಧ ದಿನದ ಓಡಾಟಕ್ಕೆ ಬಟ್ಟೆ ಡೈಪರ್. ಇಡೀ ದಿನ ಅಂದರೆ ಮೂರು ಬಟ್ಟೆಯದು, ವಾಪಸ್ ಬರೋ ರೈಲಿಗೆ ಒಂದು ಪ್ಯಾಕೆಟ್ಟಿನದು. ರಾತ್ರಿ ಮಗು ನಿದ್ದೆ ಮಾಡುವಾಗ ಎಬ್ಬಿಸಿ ಬದಲಾಯಿಸೋ ಧೈರ್ಯ ನನಗಿಲ್ಲ, ಇದನ್ನು ಯಾವ ನಾಚಿಕೆಯೂ ಇಲ್ಲದೆ ಹೇಳುತ್ತೇನೆ. ಇನ್ನೊಂದು ಮಾತು. ಬ್ರಿಟನ್ನಿನ ಪರಿಸರ ಇಲಾಖೆ 2008ರಲ್ಲಿ ಎರಡನ್ನೂ ಹೋಲಿಸಿ ನೋಡಿತ್ತು. ಬಟ್ಟೆ ಡೈಪರ್‌ನ ಲಾಭ ಒಗೆಯೋ ರೀತಿಯ ಮೇಲೆ ನಿಂತಿದೆ ಅನ್ನೋದು ಅದರ ತಾತ್ಪರ್ಯ. ತುಂಬ ಬಿಸಿ ನೀರಲ್ಲಿ ಒಗೆದು ಡ್ರೈಯರ್‌ಗೆ ಹಾಕಿದರೆ ಲಾಭವೆಲ್ಲ ಕರಗುತ್ತದೆ, ಹಗ್ಗದ ಮೇಲೆ ಒಣಗಿಸಿದರೆ ಉಳಿಯುತ್ತದೆ. ನಮಗೆ ಟೆರೇಸ್ ಇದೆ, ಮಾರ್ಚ್ ಬಿಸಿಲಿದೆ. ಯೋಚನೆ ಇಲ್ಲ.

ವೈಪ್ಸ್ ವಿಷಯಕ್ಕೆ ಇಷ್ಟು ಚರ್ಚೆ ಬೇಕಿಲ್ಲ. ಒದ್ದೆ ಬಟ್ಟೆ ಗೆದ್ದಿತು, ಅದೂ ಭಾರೀ ಅಂತರದಲ್ಲಿ. ಹಳೇ ಟರ್ಕಿ ಟವೆಲನ್ನು ಅಂಗೈಯಗಲಕ್ಕೆ ಕತ್ತರಿಸಿ 12 ತುಂಡು ಮಾಡಿದೆ. ಬೆಳಗ್ಗೆ ನೀರಲ್ಲಿ ಅದ್ದಿ, ಹಿಂಡಿ, ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿದೆ. ತೆಳ್ಳಗಿನ ವೈಪ್ಸ್‌ನಲ್ಲಿ ಮುಖದ ಬೆಣ್ಣೆ ಬಿಸ್ಕತ್ ಒರೆಸೋಕೆ ನಾಲ್ಕು ಬೇಕಿತ್ತು, ಇದು ಒಂದೇ ಸಾಕು. ನೋಡೋಕೆ ಬಟ್ಟೆಯಂತಿದ್ದರೂ ಅಂಗಡಿ ವೈಪ್ಸ್‌ನಲ್ಲಿ ಬಹಳಷ್ಟಕ್ಕೆ ಪಾಲಿಯೆಸ್ಟರ್ ನೂಲು ಸೇರಿರುತ್ತದೆ, ಅಂದರೆ ಪ್ಲಾಸ್ಟಿಕ್ಕೇ. ಟವೆಲ್ ತುಂಡಿನ ತೊಂದರೆ ಒಂದೇ: ಡಬ್ಬಿಯನ್ನು ಮಾರನೇ ದಿನ ಮರೆತರೆ ಮುಚ್ಚಳ ತೆಗೆಯೋ ಹಾಗಿಲ್ಲ. ಒಂದು ಸಲ ಮರೆತೆ. ಆ ಡಬ್ಬಿಯಲ್ಲಿ ಈಗಲೂ ತಿಂಡಿ ಹಾಕುತ್ತಿಲ್ಲ.

ತಿಂಡಿಯಲ್ಲಿ ಮಾತ್ರ ನಾನು ಅಂದುಕೊಂಡ ಹಾಗೆ ಆಗಲಿಲ್ಲ. ಮನೆಯಿಂದ ಚಪಾತಿ ರೋಲ್, ಹುರಿದ ಅವಲಕ್ಕಿ, ಬಾಳೆಹಣ್ಣು ಒಯ್ದಿದ್ದೆ. ಮಗಳ ಕಣ್ಣು ಎದುರು ಸೀಟಿನ ಹುಡುಗನ ಚಿಪ್ಸ್ ಮೇಲೆ. ಅವಲಕ್ಕಿ ಡಬ್ಬಿ ತೆಗೆದರೆ ಮುಖ ಆ ಕಡೆ. ಸೋತೆ ಅಂದುಕೊಳ್ಳುವಾಗ ಮದ್ದೂರು ಬಂತು. "ವಡೆ ವಡೆ ವಡೆ" ಅಂತ ಬಂದವರಿಗೆ ಮಗಳ ಕೈಯಿಂದಲೇ ಖಾಲಿ ಡಬ್ಬಿ ಕೊಡಿಸಿದೆ. "ಅಣ್ಣ, ಪೇಪರ್ ಬೇಡ, ಇದಕ್ಕೇ ಹಾಕಿ." ಅವರು ಒಂದು ಕ್ಷಣ ಡಬ್ಬಿ ನೋಡಿದರು, ಆಮೇಲೆ ಎರಡು ವಡೆಯನ್ನು ನಾಲ್ಕು ಚೂರು ಮಾಡಿ ನೀಟಾಗಿ ಜೋಡಿಸಿ, ಉದುರಿದ ಈರುಳ್ಳಿ ಚೂರನ್ನೂ ಮೇಲೆ ಹಾಕಿ ಕೊಟ್ಟರು. ತಾನೇ ಕೊಂಡಿದ್ದು ಅನ್ನೋ ಜಂಭಕ್ಕೆ ಮಗಳು ಚಿಪ್ಸ್ ಮರೆತಳು. ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಈಗ ತುಂಬಿದ ಡಬ್ಬಿ ಒಂದಾದರೆ ಖಾಲಿ ಡಬ್ಬಿ ಎರಡು ಒಯ್ಯುತ್ತೇನೆ. ಮನೆ ತಿಂಡಿಗಿಂತ ಖಾಲಿ ಡಬ್ಬಿಯೇ ಜಾಸ್ತಿ ಪ್ಯಾಕೆಟ್ ಉಳಿಸಿದೆ.

ನೀರಿನ ಬಗ್ಗೆ ಸ್ವಲ್ಪ ಗೊಣಗಬೇಕು. ಸ್ಟೀಲ್ ಬಾಟಲಿ ಒಳ್ಳೆಯದೇ, ಆದರೆ ನಾಲ್ಕು ಜನರ ನೀರು ಹೊತ್ತವರಿಗೆ ಗೊತ್ತು ಅದರ ಭಾರ. ನಮ್ಮೆಜಮಾನರ ಬೆನ್ನಿಗೆ ಮೂರು ಬಾಟಲಿ, ಮಗುವಿನ ಕುದಿಸಿದ ನೀರಿನ ಫ್ಲಾಸ್ಕ್ ಬೇರೆ. ಮಧ್ಯಾಹ್ನ ಊಟದ ಹೋಟೆಲಿನಲ್ಲಿ ಕೇಳಿದರೆ ಫಿಲ್ಟರ್ ನೀರು ತುಂಬಿಸಿ ಕೊಟ್ಟರು, ಮುಖ ಸಿಂಡರಿಸಲಿಲ್ಲ. ಆದರೂ ಸಂಜೆ ಹೊತ್ತಿಗೆ ನೀರು ಮುಗಿದು ಒಂದು ಲೀಟರ್ ಬಾಟಲಿ ಕೊಳ್ಳಲೇಬೇಕಾಯಿತು. ಮೂರರ ಬದಲು ಒಂದು.

ಜ್ಯೂಸ್ ಡಬ್ಬಕ್ಕೆ ಎದುರಾಳಿ ಎಳನೀರು. ಡಬ್ಬದಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಅಂಟಿಕೊಂಡಿರುತ್ತವೆ, ಬಿಡಿಸೋದು ಕಷ್ಟ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾದ ಮೇಲೆ ಕಾಗದದ ಸ್ಟ್ರಾ ಬಂದಿದೆ. ಮಗಳ ಬಾಯಲ್ಲಿ ಅದರ ಆಯಸ್ಸು ಐದು ನಿಮಿಷ, ಆಮೇಲೆ ಮುದ್ದೆ. ಎಳನೀರನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡೆವು. ಒಳಗಿನ ಗಂಜಿಗೆ ಚಮಚ ಕೂಡ ಬೇಡ. ಮಾರುವವರು ಕಾಯಿ ಸೀಳಿ, ಸಿಪ್ಪೆಯ ಒಂದು ಚಕ್ಕೆ ಕೆತ್ತಿ ಕೊಡುತ್ತಾರಲ್ವಾ, ಅದೇ ಚಮಚ. ಮಗನ ಮೊದಲ ಗಂಜಿ ಅದರಲ್ಲೇ ಆಯಿತು.

ಐಸ್‌ಕ್ರೀಮ್‌ಗೆ ಕಪ್ಪಾ, ಕೋನಾ? ಕಪ್ ತಗೊಂಡರೆ ಕಪ್ಪೂ ಚಮಚವೂ ಕಸ. ಕೋನಾದರೆ ಸುತ್ತಿದ ಕಾಗದ ಮಾತ್ರ. ಆದರೆ ಮಾರ್ಚ್ ಬಿಸಿಲಲ್ಲಿ ಕೋನ್ ಮಗಳ ಮೊಣಕೈವರೆಗೆ ಹರಿಯಿತು, ಎರಡು ಟವೆಲ್ ತುಂಡು ಖರ್ಚು. ಆದರೂ ನನ್ನ ಓಟು ಕೋನ್‌ಗೇ.

ಎರಡನೇ ಸಲದ ಕಸ: ಒಂದು ಡೈಪರ್, ಒಂದು ಬಾಟಲಿ, ಎರಡು ಕೋನ್ ಕಾಗದ, ವಾಪಸ್ ಬರುವಾಗ ಮಗಳು ಅತ್ತು ಗೆದ್ದ ಒಂದು ಚಿಪ್ಸ್ ಪ್ಯಾಕೆಟ್. ಡೈಪರನ್ನು ಪೇಪರಿನಲ್ಲಿ ಸುತ್ತಿ ಕೆಂಪು ಬುಟ್ಟಿಗೆ ಹಾಕಿದೆ. ಬದಲಿಗೆ ಒಗೆಯೋ ರಾಶಿ ಎದುರಿಗಿತ್ತು: ಮೂರು ಬಟ್ಟೆ ಡೈಪರ್, ಒಂಬತ್ತು ಟವೆಲ್ ತುಂಡು, ಎಣ್ಣೆ ಜಿಡ್ಡಿನ ಎರಡು ಡಬ್ಬಿ. ಒಗೆದವರು ಯಾರು ಅಂತ ಕೇಳಬೇಡಿ. ಡಬ್ಬಿಗಳನ್ನು ನಮ್ಮೆಜಮಾನರು ತೊಳೆದರು, ಅಷ್ಟರ ಮಟ್ಟಿಗೆ ನ್ಯಾಯ.

ಜುಲೈನಲ್ಲಿ ಮಡಿಕೇರಿಗೆ ನಾಲ್ಕು ದಿನ ಹೋಗಬೇಕು. ಆ ಮಳೆಯಲ್ಲಿ ಕರವಸ್ತ್ರವೂ ಒಣಗೋದಿಲ್ಲ. ಟವೆಲ್ ತುಂಡು, ಖಾಲಿ ಡಬ್ಬಿ ಬ್ಯಾಗಿಗೆ ಹೋಗುತ್ತವೆ. ಡೈಪರ್ ಮಾತ್ರ ದೊಡ್ಡ ಪ್ಯಾಕೆಟ್ ಈಗಲೇ ತಂದಿಟ್ಟಿದ್ದೇನೆ.